ನೆಗಡಿ ಇಂಜಿನ್ನು ಮತ್ತು ಕತ್ರಿಗುಪ್ಪೆಯ ಗೂಟಗಳು

ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದ ಕಾಲ. ಗಡಿಯಾರ ಇದ್ದವರು ಕೂಡ ಬೆಳಗಿನ ಹೊತ್ತು ಗಡಿಯಾರವನ್ನು ನಂಬುತ್ತಿರಲಿಲ್ಲ, ಸಂಪಂಗಿರಾಮಯ್ಯನನ್ನು ನಂಬುತ್ತಿದ್ದರು. ಬಹಳ ದೂರದಲ್ಲಿ, ಮೈಸೂರು ಲೈನಿನ ಕಡೆಯಿಂದ ರೈಲಿನ ಕೂಗು ಕೇಳಿಸಿದ ಕೂಡಲೇ ಅವನು ಹಲ್ಲುಪುಡಿಯ ಬಾಯಲ್ಲೇ ಹಿತ್ತಿಲಿಗೆ ಓಡಿಬಂದು "ಲೋಕಲ್ ಬಂತು! ಇವತ್ತು ರೈಟ್ ಟೈಮು!" ಎಂದು ಘೋಷಿಸುತ್ತಿದ್ದ. ಅಕ್ಕಪಕ್ಕದವರು ಆಗ ಒಲೆ ಹಚ್ಚುತ್ತಿದ್ದರು. ಈಗ ಅದೇ ಜಾಗದಲ್ಲಿ ನಿಂತು ಪಕ್ಕದ ಮನೆಯವರು ಕೂಗಿದರೂ ಕೇಳಿಸುವುದಿಲ್ಲ. ಆಗ ನಾಯಂಡಹಳ್ಳಿಯ ರೈಲು ಜಯನಗರಕ್ಕೆ ಕೇಳಿಸುತ್ತಿತ್ತು. ಅಂಥ ಪುಣ್ಯಕಾಲ ಅದು.

ಸಂಪಂಗಿರಾಮಯ್ಯ ಹೊಟ್ಟೆಪಾಡಿಗೆ ನೀರು ಸರಬರಾಜಿನ ಆಫೀಸಿನಲ್ಲಿ ಗುಮಾಸ್ತ, ಜೀವದ ಪಾಡಿಗೆ ರೈಲ್ವೆಯವನು. ವಯಸ್ಸಿನಲ್ಲಿ ರೈಲ್ವೆ ಕೆಲಸಕ್ಕೆ ಅರ್ಜಿ ಹಾಕಿ ಕಣ್ಣಿನ ಪರೀಕ್ಷೆಗೆ ಹೋಗಿದ್ದ. ಡಾಕ್ಟರು ಬಣ್ಣಬಣ್ಣದ ಉಣ್ಣೆಯ ಎಳೆಗಳನ್ನು ಮುಂದಿಟ್ಟು ಬೇರೆ ಮಾಡು ಅಂದರೆ, ಇವನು ಕೆಂಪನ್ನೂ ಹಸಿರನ್ನೂ ಒಂದೇ ಗುಡ್ಡೆಗೆ ಹಾಕಿ "ಆಯ್ತು ಸಾರ್" ಅಂದಿದ್ದ. ಇಂಥವನ ಕೈಗೆ ರೈಲು ಕೊಟ್ಟರೆ ಏನಾಗಬಹುದೆಂದು ಯೋಚಿಸಿ ಡಾಕ್ಟರು ಬೆವರು ಒರೆಸಿಕೊಂಡರಂತೆ. ಅಂದಿನಿಂದ ಇವನು ರೈಲನ್ನು ಹೊರಗಿನಿಂದಲೇ ಪ್ರೀತಿಸುತ್ತ ಬಂದ. ಗುಜರಿಯಲ್ಲಿ ಹಿತ್ತಾಳೆ ಗುಂಡಿಯ ಹಳೆಯ ರೈಲ್ವೆ ಕೋಟೊಂದು ಸಿಕ್ಕಿತ್ತು. ಭಾನುವಾರ ಅದನ್ನು ಹಾಕಿಕೊಂಡು ಸೈಕಲ್ಲೇರಿ ನಾಯಂಡಹಳ್ಳಿ ಸ್ಟೇಷನ್ನಿಗೆ ಹೋಗಿ, ಹೋಗಿಬರುವ ಇಂಜಿನ್ನುಗಳನ್ನು ನೋಡಿಕೊಂಡು ಬರುವುದೇ ಅವನ ದೇವಸ್ಥಾನ, ಸಿನಿಮಾ ಎಲ್ಲ.

ಆ ಇಂಜಿನ್ನುಗಳಲ್ಲಿ ಒಂದರ ಮೇಲೆ ಮಾತ್ರ ಅವನಿಗೆ ಪ್ರಾಣ. ಬೆಳಗಿನ ಲೋಕಲ್ ಎಳೆಯುತ್ತಿದ್ದ ಹಳೆಯ ಸಣ್ಣ ಇಂಜಿನ್ನು ಅದು. ಅದರ ಸಿಳ್ಳೆ ಶುರುವಿನಲ್ಲಿ ಕಟ್ಟಿಕೊಂಡು, ನಡುವೆ ಗೊರಗೊರ ಅಂದು, ಕೊನೆಗೆ ಸೀನಿದ ಹಾಗೆ ಬಿಡುಗಡೆಯಾಗುತ್ತಿತ್ತು. ಲೈನಿನ ಉದ್ದಕ್ಕೂ ಜನ ಅದನ್ನು ನೆಗಡಿ ಇಂಜಿನ್ನು ಅನ್ನುತ್ತಿದ್ದರು. ಸಂಪಂಗಿ ಚಿಕ್ಕವನಾಗಿದ್ದಾಗ ಚನ್ನಪಟ್ಟಣದ ಸ್ಟೇಷನ್ನಿನಲ್ಲಿ ಅವನ ಅಪ್ಪ ಅವನನ್ನು ಎತ್ತಿ ಇದೇ ಇಂಜಿನ್ನಿನೊಳಗೆ ಕೊಟ್ಟಿದ್ದರು. ಡ್ರೈವರು ಅವನ ಕೈ ಹಿಡಿದು ಸಿಳ್ಳೆಯ ಸರಪಳಿ ಎಳೆಸಿದ್ದ. ಕೆಳಗೆ ನಿಂತ ಅಪ್ಪ ಕಿವಿ ಮುಚ್ಚಿಕೊಂಡು ನಕ್ಕಿದ್ದರು. ಅಪ್ಪ ಹಾಗೆ ಬಾಯಿತುಂಬ ನಕ್ಕಿದ್ದನ್ನು ಅವನು ಮತ್ತೆ ನೋಡಲಿಲ್ಲ, ಆ ವರ್ಷವೇ ಅವರು ತೀರಿಕೊಂಡರು. ಅದಕ್ಕೇ ಆ ನೆಗಡಿಯ ಕೂಗು ಕೇಳಿದರೆ ಅವನಿಗೆ ಇಷ್ಟು ವರ್ಷದ ಮೇಲೂ ಯಾರೋ ತನ್ನನ್ನು ಎತ್ತಿ ಹಿಡಿದ ಹಾಗಾಗುತ್ತಿತ್ತು.

ಆ ವರ್ಷ ಅವರೆಕಾಯಿ ಕಾಲದಲ್ಲಿ ನಾಯಂಡಹಳ್ಳಿಯ ಸ್ಟೇಷನ್ ಮಾಸ್ಟರ್ ಸಿದ್ದಲಿಂಗಯ್ಯ ಸುದ್ದಿ ಹೇಳಿದರು. "ಸಂಕ್ರಾಂತಿ ಆದ್ಮೇಲೆ ಲೋಕಲ್‌ಗೆ ಹೊಸ ಇಂಜಿನ್ ಬರುತ್ತಪ್ಪ. ನಿನ್ನ ನೆಗಡಿನ ಯಾವುದಾದ್ರೂ ಗೂಡ್ಸ್ ಬಾಲಕ್ಕೆ ಕಟ್ಟಿ ಎಳ್ಕೊಂಡು ಹೋಗ್ತಾರೆ. ಆಮೇಲೆ ಬಿಚ್ಚಿ ತೂಕಕ್ಕೆ ಹಾಕ್ತಾರೆ."

"ತೂಕಕ್ಕಾ?"

"ಮತ್ತಿನ್ನೇನು, ಪೆನ್ಷನ್ ಕೊಡ್ತಾರಾ?"

ಅವತ್ತೇ ಸಂಪಂಗಿರಾಮಯ್ಯ ನಿಶ್ಚಯಿಸಿದ. ಉಳಿದಷ್ಟು ದಿನವೂ, ಪ್ರತಿ ಬೆಳಿಗ್ಗೆ, ಆಫೀಸಿಗೆ ಮೊದಲು ಅದನ್ನು ನೋಡಬೇಕು, ಕಡೆಯ ದಿನ ಕಳಿಸಿಕೊಡಬೇಕು. ಮೈಸೂರು ರಸ್ತೆಯ ಮೇಲೆ ಸುತ್ತಿಕೊಂಡು ಹೋದರೆ ಆಫೀಸು ತಪ್ಪುತ್ತದೆ. ಯಡಿಯೂರು ಕೆರೆ ದಾಟಿ ಕತ್ರಿಗುಪ್ಪೆ ಹೊಲಗಳ ನಡುವೆ ನೆಟ್ಟಗೆ ಹೊಡೆದರೆ ಆಯಿತು. ಮೊದಲ ದಿನ ಹಾಗೇ ಹೊಡೆದ. ಮಂಜು ಎಷ್ಟಿತ್ತೆಂದರೆ ಸೈಕಲ್ಲಿನ ಮುಂದಿನ ಚಕ್ರವೇ ಕಾಣುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ನೀರಿನ ದಡ ಸಿಕ್ಕಿತು. ಎಮ್ಮೆ ತೊಳೆಯುತ್ತಿದ್ದ ಹೆಂಗಸನ್ನು "ನಾಯಂಡಹಳ್ಳಿ ಸ್ಟೇಷನ್ ಯಾವ ಕಡೆಯಮ್ಮಾ?" ಅಂದರೆ, ಅವಳು "ಇದು ಸಾರಕ್ಕಿ ಕೆರೆ ಸಾಮಿ" ಎಂದು ಕನಿಕರದಿಂದ ನೋಡಿದಳು. ಪಶ್ಚಿಮಕ್ಕೆ ಹೊರಟವನು ಬನಶಂಕರಿ ಗುಡಿಯನ್ನೂ ದಾಟಿ ದಕ್ಷಿಣಕ್ಕೆ ಬಂದಿದ್ದ.

ಬುದ್ಧಿವಂತನಾದವನು ಇಷ್ಟಕ್ಕೆ ಬಿಟ್ಟುಬಿಡುತ್ತಿದ್ದ. ಸಂಪಂಗಿರಾಮಯ್ಯ ಆ ಭಾನುವಾರ ಒಂದು ಹೊರೆ ಗೂಟ ಸಿಗಿದು, ಸುಣ್ಣ ಬಳಿದು, ಹೆಂಡತಿಯ ಹಳೆಯ ಸೀರೆಯೊಂದನ್ನು ಹರಿದು ತುದಿಗೆ ಕಟ್ಟಿ, ಯಡಿಯೂರಿನಿಂದ ನಾಯಂಡಹಳ್ಳಿಯವರೆಗೂ ಬದುವಿನ ಮೇಲೆ ನೆಟ್ಟುಕೊಂಡು ಹೋದ. ಮಂಜಿನಲ್ಲೂ ದಾರಿ ಕಾಣಬೇಕಲ್ಲ!

ಆ ಕಾಲದಲ್ಲಿ ಆ ಸೀಮೆಯ ರೈತರು ಹುಲಿಗೆ ಹೆದರುತ್ತಿರಲಿಲ್ಲ, ದೆವ್ವಕ್ಕೆ ಹೆದರುತ್ತಿರಲಿಲ್ಲ, ಸುಣ್ಣ ಬಳಿದ ಗೂಟಕ್ಕೆ ಹೆದರುತ್ತಿದ್ದರು. ಅವರ ಕಣ್ಣೆದುರಿಗೇ ಅಕ್ಕಪಕ್ಕದ ಊರುಗಳಲ್ಲಿ ಇವತ್ತು ಗೂಟ ಬಂದರೆ ನಾಳೆ ಅಳತೆಯ ಸರಪಳಿ, ನಾಳಿದ್ದು ನೋಟೀಸು, ಆಚೆ ನಾಳಿದ್ದು ರಾಗಿ ಹೊಲದ ಮೇಲೆ ಮೇನ್ ರೋಡು, ಕ್ರಾಸ್ ರೋಡು. ಹಾಗಾಗಿ ಕತ್ರಿಗುಪ್ಪೆಯ ಚಿಕ್ಕಬೈರಪ್ಪ ಬೆಳಿಗ್ಗೆ ಎದ್ದು ತನ್ನ ಏತದ ಬಾವಿಯ ಪಕ್ಕದಲ್ಲೇ ಗೂಟ ಕಂಡವನೇ ಗಾಬರಿಯಾಗಿ ಕಣ್ಣಿಗೆ ಕೈ ಮರೆಮಾಡಿ ನೋಡಿದ. ಗೂಟಗಳ ಸಾಲು ನೇರವಾಗಿ ರೈಲು ಲೈನಿಗೆ ಹೋಗಿ ಸೇರಿತ್ತು. ಅಷ್ಟರಲ್ಲಿ ಹಿತ್ತಾಳೆ ಗುಂಡಿಯ ಕೋಟು ತೊಟ್ಟವನೊಬ್ಬ ಗೂಟದಿಂದ ಗೂಟಕ್ಕೆ ನೋಡಿಕೊಳ್ಳುತ್ತ ಸೈಕಲ್ಲಿನಲ್ಲಿ ಬಂದ.

"ಸಾಮಿ," ಚಿಕ್ಕಬೈರಪ್ಪ ಅಡ್ಡ ನಿಂತು ಕೈ ಮುಗಿದ, "ತಾವು ರೈಲ್ವೇನೋರಾ?"

ಹುಟ್ಟಿದಾಗಿನಿಂದ ಯಾರೊಬ್ಬರೂ ಈ ಪ್ರಶ್ನೆಯನ್ನು ಸಂಪಂಗಿರಾಮಯ್ಯನಿಗೆ ಕೇಳಿರಲಿಲ್ಲ. ಬೆಳಗಿನ ಬಿಸಿಲು ಗುಂಡಿಗಳ ಮೇಲೆ ಬಿದ್ದಿತ್ತು. 'ಅಲ್ಲ' ಎಂದು ಹೇಳಬೇಕಾದ ನಾಲಿಗೆ, ಸ್ವಲ್ಪ ತಡೆದು, "ಒಂದು ಥರಾ... ಹೌದು ಅನ್ನಿ" ಅಂದಿತು. ಮುಂದಿನ ಅನರ್ಥಕ್ಕೆಲ್ಲ ಆ 'ಒಂದು ಥರಾ' ಕಾರಣ.

"ಅಂಗಾರೆ ಈ ಗೂಟ ಒಸಿ ಆ ಕಡೀಕ್ ಮಾಡಿ ಸಾಮಿ. ಬಾವಿ ಓಗ್ಬುಟ್ರೆ ನಾವು ಮಣ್ ತಿನ್ಬೇಕಾಯ್ತದೆ."

ಬಾವಿಯ ಹತ್ತಿರ ಸೈಕಲ್ ಓಡಿಸುವುದು ರೈತನಿಗೆ ಇಷ್ಟವಿಲ್ಲ, ನ್ಯಾಯವೇ ಅಂದುಕೊಂಡ ಸಂಪಂಗಿ ಗೂಟ ಕಿತ್ತು ಆಚೆ ನೆಟ್ಟ. ಚಿಕ್ಕಬೈರಪ್ಪ ದಂಗಾಗಿಹೋದ. ತಾಲ್ಲೂಕು ಕಚೇರಿಯಲ್ಲಿ ಒಂದು ಸಹಿಗೆ ಚಪ್ಪಲಿ ಸವೆಸಿದ್ದವನು ಅವನು. ಇಲ್ಲಿ ಒಂದು ಮಾತಿಗೆ ರೈಲೇ ಸರಿದುಕೊಂಡಿತ್ತು. ಕೃತಜ್ಞತೆ ತಡೆಯಲಾರದೆ ಒಂದು ಮೂಟೆ ಸೊನೆಯವರೆಕಾಯಿಯನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಬಿಟ್ಟ.

ಮರುದಿನ ಪ್ರತಿ ಗೂಟದ ಬಳಿಯೂ ಒಬ್ಬ ರೈತ, ಪಕ್ಕದಲ್ಲಿ ಒಂದು ಮಂಕರಿ ತುಂಬ ತರಕಾರಿ. ಒಬ್ಬನಿಗೆ ಗೂಟ ಹುಣಸೆಮರದಿಂದ ದೂರ ಹೋಗಬೇಕು, ಇನ್ನೊಬ್ಬನಿಗೆ ಅಜ್ಜಿಯ ಸಮಾಧಿಯಿಂದ. ತಿಮ್ಮರಾಯಪ್ಪನೆಂಬವನದು ಮಾತ್ರ ಉಲ್ಟಾ ಅರ್ಜಿ. ಅವನದು ಕಲ್ಲುಭೂಮಿ, ಹುರುಳಿಯೂ ಹುಟ್ಟದು. "ನಮ್ ಒಲದ್ ನಡುಮಧ್ಯಾನೇ ಓಗ್ಲಿ ಬುದ್ಧಿ. ಆದ್ರೆ ಟೇಸನ್ನೂ ಅಲ್ಲೇ ಇಕ್ಬುಡಿ" ಎಂದು ಒಂದು ಗಾಡಿ ಬೂದುಗುಂಬಳ ಇಳಿಸಿದ. ಯಾರ ಮನಸ್ಸನ್ನೂ ನೋಯಿಸಲಾರದ ಸಂಪಂಗಿ ಎಲ್ಲರ ಗೂಟವನ್ನೂ ಕಿತ್ತು ಕಿತ್ತು ನೆಟ್ಟ. ವಾರದೊಳಗೆ ಸಾಲು ಎಷ್ಟು ಡೊಂಕಾಯಿತೆಂದರೆ, ಅದನ್ನು ಹಿಡಿದು ಹೋದ ಅವನೇ ಎರಡು ಸಲ ದಾರಿ ತಪ್ಪಿ ತಿಮ್ಮರಾಯಪ್ಪನ ಕೊಟ್ಟಿಗೆಗೆ ಹೋಗಿ ನಿಂತ.

"ಮದುವೆ ಆದ್ಮೇಲೆ ಮೊದಲನೇ ಸಲ ನೀವಾಗಿ ತರಕಾರಿ ತಂದಿದ್ದೀರಿ. ಹಾಗಂತ ಸಂತೆನೇ ತರಬೇಕಾ?" ಎಂದಳು ಹೆಂಡತಿ ಸರ್ವಮಂಗಳಾ. ಅವರೆಕಾಯಿ ಹುಳಿ, ಅವರೆಕಾಳು ಉಪ್ಪಿಟ್ಟು, ಹಿತಕಿದ ಬೇಳೆ ಎಲ್ಲ ಆಗಿ, ಕೊನೆಗೆ ಬೀದಿಯಲ್ಲಿ ಹಂಚಿದಳು. ಹಂಚುವಾಗ ಪಕ್ಕದ ಮನೆಯ ಗೌರಮ್ಮ ಕೇಳಿದರು, "ಏನು ವಿಶೇಷ?" ಸರ್ವಮಂಗಳಾ ನಿಜವನ್ನೇ ಹೇಳಿದಳು, "ಏನೋಮ್ಮ, ಇವರು ರೈಲಿನ ಕೆಲಸ ಅಂತ ಬೆಳಿಗ್ಗೆ ಹೋಗ್ತಾರೆ, ಹಳ್ಳಿಯವರು ಗೂಟ ಸರಿಸಿ ಅಂತ ಕೊಡ್ತಾರಂತೆ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಹಳ್ಳಿಯಲ್ಲಿ ಮಾತ್ರ ಇರುತ್ತಾರೆಯೆ? ಸಂಜೆಯೊಳಗೆ ಜಯನಗರಕ್ಕೆ ರೈಲು ಬಂದಾಗಿತ್ತು. ರಿಟೈರ್ಡ್ ಶಿರಸ್ತೇದಾರ್ ನರಹರಿರಾಯರು ಕೊಡೆ ಹಿಡಿದು ಕತ್ರಿಗುಪ್ಪೆಗೆ ಹೋಗಿ ಖುದ್ದಾಗಿ ನೋಡಿಕೊಂಡು ಬಂದು ಸಭೆ ಸೇರಿಸಿದರು. "ನಾನು ಸರ್ವೀಸಿನಲ್ಲಿ ಬೇಕಾದಷ್ಟು ನೋಡಿದೀನಿ. ಲೈನು ಹಾವಿನ ಹಾಗೆ ಹೋಗಿದೆ. ಗೌರ್ನಮೆಂಟ್ ಕೆಲಸ ಅನ್ನೋದರಲ್ಲಿ ಡೌಟೇ ಇಲ್ಲ!"

ಕೂಸು ಹುಟ್ಟುವ ಮೊದಲೇ ಕುಲಾವಿ. ನಿಲ್ದಾಣ ಮೂರನೇ ಬ್ಲಾಕಿಗೋ ನಾಲ್ಕನೇ ಬ್ಲಾಕಿಗೋ ಎಂದು ಎರಡು ಸಂಘ ಹುಟ್ಟಿ, ಎರಡಕ್ಕೂ ನರಹರಿರಾಯರೇ ಅಧ್ಯಕ್ಷರಾದರು. ಒಬ್ಬರು ಮಗಳ ವರನ ಕಡೆಯವರಿಗೆ "ನಮ್ಮ ಮನೆ ಸ್ಟೇಷನ್ ಎದುರಿಗೇ ಬರುತ್ತೆ" ಎಂದು ಹೇಳಿ ಕಳಿಸಿದರು. ಗೌರಮ್ಮನವರ ಚಿಂತೆ ಬೇರೆ. ಕಾಂಪೌಂಡಿನ ಮೇಲಿಂದ ಬಗ್ಗಿ ಕೇಳಿದರು:

"ಸಂಪಂಗಿರಾಮಯ್ಯನವರೇ, ರೈಲು ನಮ್ಮ ತಾರಸಿ ಪಕ್ಕ ಯಾವ ಹೊತ್ತಿಗೆ ಹೋಗುತ್ತೆ ಹೇಳಿಬಿಡಿ. ಹೊಗೆ ಕೂತ್ರೆ ಸಂಡಿಗೆ ಕಪ್ಪಗಾಗುತ್ತೆ ನೋಡಿ. ಅದು ಹೋದ್ಮೇಲೆ ಒಣಗಿಹಾಕ್ತೀನಿ."

"ಇಲ್ಲಿಗೆ ಯಾವ ರೈಲೂ ಬರಲ್ಲ ಗೌರಮ್ಮನವರೇ!"

"ಗೊತ್ತು ಗೊತ್ತು, ಸೀಕ್ರೆಟ್ಟು. ನಾನು ಯಾರಿಗೂ ಹೇಳಲ್ಲ."

ಸಂಪಂಗಿರಾಮಯ್ಯನ ಗಂಟಲಲ್ಲಿ ಬಿಸಿ ತುಪ್ಪ ಸಿಕ್ಕಿಕೊಂಡಿತು. ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ಗೋಳಾಡಿದ. "ನಾನು ಏನು ಮಾಡ್ದೆ ಅಂತ ಜನ ಹೀಗೆ? ದಾರಿ ಕ್ಲಿಯರ್ ಅಂತ ಹಸಿರು ಬಟ್ಟೆನೇ ತಾನೆ ಕಟ್ಟಿದ್ದು?"

ಸರ್ವಮಂಗಳಾ ಹುಳಿಯ ಸೌಟನ್ನು ಅರ್ಧದಲ್ಲೇ ನಿಲ್ಲಿಸಿದಳು. "ಹಸಿರಾ? ರೀ, ಅದು ನನ್ನ ಕೆಂಪು ಸೀರೆ!"

ಇಷ್ಟೆಲ್ಲದರ ನಡುವೆ ಸಂಕ್ರಾಂತಿ ಬಂದು ಹೋಯಿತು. ಒಂದು ಬೆಳಿಗ್ಗೆ ದೂರದಿಂದ ಬೇರೊಂದು ಕೂಗು ಕೇಳಿತು. ಸ್ವಚ್ಛವಾದ, ನೆಗಡಿಯಿಲ್ಲದ ಕೂಗು. ಹಲ್ಲುಪುಡಿ ಕೈಯಲ್ಲಿ ಹಿಡಿದು ಹಿತ್ತಿಲಲ್ಲಿ ನಿಂತ ಸಂಪಂಗಿರಾಮಯ್ಯ ಏನನ್ನೂ ಘೋಷಿಸಲಿಲ್ಲ. ಅಂದು ಬೀದಿಯವರೆಲ್ಲ ತಡವಾಗಿ ಆಫೀಸಿಗೆ ಹೋದರು. ಭಾನುವಾರ ಸಿದ್ದಲಿಂಗಯ್ಯ ಹೇಳಿದರು, "ಶುಕ್ರವಾರ ಬೆಳಿಗ್ಗೆ ಗೂಡ್ಸ್ ಹಿಂದೆ ಕಟ್ಟಿ ತರ್ತಾರೆ. ನೋಡೋದಾದ್ರೆ ಅವತ್ತು ಬಂದು ನೋಡ್ಬಿಡು. ಆಮೇಲೆ ಇಲ್ಲ." ಆ ವಾರವೆಲ್ಲ ಅವನಿಗೆ ಊಟ ರುಚಿಸಲಿಲ್ಲ. ಊರು ಏನಾದರೂ ಹೇಳಿಕೊಳ್ಳಲಿ, ಶುಕ್ರವಾರ ಒಂದು ತಪ್ಪಬಾರದು ಎಂದು ಬನಶಂಕರಿಗೆ ಹರಕೆಯನ್ನೂ ಹೊತ್ತ.

ಬನಶಂಕರಿ ಕೇಳಿಸಿಕೊಳ್ಳುವ ಮೊದಲೇ ಕತ್ರಿಗುಪ್ಪೆಯ ಮುನೇಶ್ವರ ಎದ್ದುಬಿಟ್ಟಿದ್ದ. ಜಮೀನು ಉಳಿಸಿಕೊಳ್ಳಲು ಆ ಸೀಮೆಯಲ್ಲಿ ಲಾಯರಿಗಿಂತ ಹಳೆಯ ಉಪಾಯ ಒಂದಿತ್ತು. ಗೂಟದ ಪಕ್ಕ ಕಲ್ಲು ನೆಟ್ಟು, ಅರಿಶಿನ ಕುಂಕುಮ ಬಳಿದರೆ, ಸರ್ಕಾರ ದೇವರನ್ನು ಮುಟ್ಟುವುದಿಲ್ಲ. ಶುಕ್ರವಾರ ಬೆಳಿಗ್ಗೆ ಸಂಪಂಗಿ ಸೈಕಲ್ ತುಳಿಯುತ್ತ ಬಂದರೆ, ಚಿಕ್ಕಬೈರಪ್ಪನ ಬಾವಿಯ ಹತ್ತಿರ ಚಪ್ಪರ, ತಮಟೆ, ಹೂವಿನ ಹಾರ, ತೆಂಗಿನಕಾಯಿ, ಇಡೀ ಊರು. ಒಂದು ಕಡೆ ರೈಲು ಬೇಡವೆನ್ನುವ ಚಿಕ್ಕಬೈರಪ್ಪನ ಗುಂಪು, ಇನ್ನೊಂದು ಕಡೆ ಬೇಕೆನ್ನುವ ತಿಮ್ಮರಾಯಪ್ಪನ ಗುಂಪು, ನಡುವೆ ಜಟಕಾದಲ್ಲಿ ಬಂದಿಳಿದ ನರಹರಿರಾಯರು, ಎರಡೂ ಸಂಘಗಳ ಪರವಾಗಿ.

"ಬನ್ನಿ ಸಾಮಿ," ಚಿಕ್ಕಬೈರಪ್ಪ ಸೈಕಲ್ಲಿನ ಹ್ಯಾಂಡಲ್ ಹಿಡಿದ. "ಮುನೇಶ್ವರನ ಮುಂದೆ ಕರ್ಪೂರ ಮುಟ್ಟಿ ಆಣೆ ಮಾಡಿ. ಲೈನು ಈ ಕಡೀಕ್ ಬರಾಕಿಲ್ಲ ಅಂತ."

"ಅದೆಂಗ್ ಮಾಡ್ತಾರೆ? ಬತ್ತದೆ ಅಂತ ಮಾಡ್ಬೇಕು!" ಎಂದು ತಿಮ್ಮರಾಯಪ್ಪ ಇನ್ನೊಂದು ಹ್ಯಾಂಡಲ್ ಹಿಡಿದ.

"ಆಣೆಗೆ ಮುಂಚೆ ಎಂಕ್ವೈರಿ ಆಗಲಿ," ಎಂದರು ನರಹರಿರಾಯರು.

ದೂರದಲ್ಲಿ, ಸಿಟಿಯ ಕಡೆಯಿಂದ, ಗೂಡ್ಸ್ ಕೂಗಿದ್ದು ಕೇಳಿಸಿತು. ಸಂಪಂಗಿರಾಮಯ್ಯನಿಗೆ ಏನಾಯಿತೋ, ಅಷ್ಟು ದಿನ ನುಂಗಲೂ ಆಗದೆ ಉಗುಳಲೂ ಆಗದೆ ಇದ್ದದ್ದೆಲ್ಲ ಒಂದೇ ಸಲಕ್ಕೆ ಹೊರಗೆ ಬಂತು.

"ನಾನು ರೈಲ್ವೆಯವನಲ್ಲ! ನೀರಿನ ಆಫೀಸಿನ ಗುಮಾಸ್ತ! ಯಾವ ಲೈನೂ ಇಲ್ಲ, ಯಾವ ಸ್ಟೇಷನ್ನೂ ಇಲ್ಲ! ದಾರಿ ತಪ್ಪದೆ ಇರಲಿ ಅಂತ ಗೂಟ ಹೊಡ್ಕೊಂಡೆ. ಒಂದು ಹಳೇ ಇಂಜಿನ್ ನೋಡೋಕೆ ಹೋಗ್ತಿದ್ದೆ. ಇವತ್ತು ಅದನ್ನ ತೂಕಕ್ಕೆ ಹಾಕೋಕೆ ಒಯ್ತಿದಾರೆ. ದಮ್ಮಯ್ಯ ಬಿಡ್ರಪ್ಪ, ಇದೊಂದು ಸಲ ಬಿಟ್ಬಿಡಿ!"

ಎರಡು ಗುಂಪೂ ಮೊದಲ ಬಾರಿಗೆ ಒಂದಾಗಿ ನಕ್ಕವು.

"ಸುಳ್ಳಾದ್ರೂ ನೆಟ್ಟಗೆ ಯೋಳಿ ಬುದ್ಧಿ," ಎಂದ ತಿಮ್ಮರಾಯಪ್ಪ. "ಕೆಟ್ಟೋಗಿರೋ ಇಂಜಿನ್ ನೋಡಾಕೆ ಯಾವನ್ ಓಯ್ತಾನೆ ಈ ಚಳೀಲಿ?"

"ಡಿಪಾರ್ಟ್‌ಮೆಂಟಿನವರು ಯಾವತ್ತೂ ಹೀಗೇ ಜಾರಿಕೊಳ್ಳೋದು," ಎಂದು ನರಹರಿರಾಯರು ತಲೆದೂಗಿದರು.

"ನಂಬದೇ ಇದ್ರೆ ನನ್ನ ಜೊತೆ ಬನ್ನಿ!" ಸಂಪಂಗಿ ಅಳುವುದೊಂದು ಬಾಕಿ. "ಬಂದು ನೋಡಿ!"

ಮುಂದಿನ ದೃಶ್ಯವನ್ನು ಕಂಡವರು ಆ ಕಡೆ ಬಹಳ ವರ್ಷ ಹೇಳಿಕೊಂಡು ನಗುತ್ತಿದ್ದರು. ಮುಂದೆ ಸಂಪಂಗಿರಾಮಯ್ಯನ ಸೈಕಲ್ಲು. ಕ್ಯಾರಿಯರಿನ ಮೇಲೆ, ಸಾಹೇಬರು ತಪ್ಪಿಸಿಕೊಳ್ಳದ ಹಾಗೆ ಕೋಟನ್ನು ಎರಡು ಕೈಯಲ್ಲೂ ಹಿಡಿದು ಕೂತ ಭಾರಿ ಆಳು ಚಿಕ್ಕಬೈರಪ್ಪ. ಹಿಂದೆ ನರಹರಿರಾಯರ ಜಟಕಾ, ಅದರ ಹಿಂದೆ ಹಾರ, ಕಾಯಿ, ತಮಟೆಗಳ ಸಮೇತ ಓಡುವ ಎರಡು ಗುಂಪು. ಡೊಂಕು ಗೂಟಗಳನ್ನೆಲ್ಲ ಬಿಟ್ಟು, ಹೊಲ ಅಡ್ಡ ಹಾದು, ಬದು ಹಾರಿ ಹೋದರು. ದಾರಿ ತೋರಿಸಿದವನು ಚಿಕ್ಕಬೈರಪ್ಪ. ಅವನಿಲ್ಲದಿದ್ದರೆ ಎಲ್ಲರೂ ಸಾರಕ್ಕಿಗೆ ಹೋಗುತ್ತಿದ್ದರು.

ಸ್ಟೇಷನ್ನಿನಲ್ಲಿ ಸಿದ್ದಲಿಂಗಯ್ಯ ಧೂಳೆಬ್ಬಿಸಿಕೊಂಡು ಬರುವ ಜನವನ್ನು ಕಂಡು ಮೊದಲು ದಿಬ್ಬಣ ಅಂದುಕೊಂಡರು, ಆಮೇಲೆ ಚಳವಳಿ ಅಂದುಕೊಂಡರು. ಗಾಬರಿಯಲ್ಲಿ ಟಿಕೆಟ್ ಕಿಟಕಿ ಮುಚ್ಚಿ, ಸಿಗ್ನಲ್ ಎಳೆದು, ನುಗ್ಗಿ ಹೋಗಬೇಕಾಗಿದ್ದ ಗೂಡ್ಸನ್ನು ಅಲ್ಲೇ ನಿಲ್ಲಿಸಿಬಿಟ್ಟರು. "ಟಿಕೆಟ್ ಇಲ್ಲದೆ ಯಾರೂ ಒಳಗೆ ಬರಕೂಡದು!" ಎಂದು ಒಳಗಿನಿಂದಲೇ ಕೂಗಿದರು. ಯಾರೂ ಕೇಳಲಿಲ್ಲ.

ಗೂಡ್ಸಿನ ಕೊನೆಯ ವ್ಯಾಗನ್ನಿನ ಹಿಂದೆ ಅದು ನಿಂತಿತ್ತು. ಹಿಂದುಮುಂದಾಗಿ ಕಟ್ಟಿದ್ದರು. ಚಿಮಣಿಯ ಬಾಯಿಗೆ ಗೋಣಿತಟ್ಟು ಕಟ್ಟಿತ್ತು, ಹೊಗೆಯಿಲ್ಲ, ಬುಸುಗುಟ್ಟುವಿಕೆಯಿಲ್ಲ. ಸಂಪಂಗಿರಾಮಯ್ಯ ಸೈಕಲ್ಲನ್ನು ಚಿಕ್ಕಬೈರಪ್ಪನ ಸಮೇತ ಅಲ್ಲೇ ಬಿಟ್ಟು ಓಡಿಹೋಗಿ ಅದರ ಹೊಟ್ಟೆಯ ಮೇಲೆ ಕೈಯಿಟ್ಟ. ತಣ್ಣಗಿತ್ತು. ಇಷ್ಟು ವರ್ಷದಲ್ಲಿ ಅದು ತಣ್ಣಗಿದ್ದದ್ದನ್ನು ಅವನು ಕಂಡೇ ಇರಲಿಲ್ಲ.

ಸೈಕಲ್ಲಿನಡಿಯಿಂದ ಎದ್ದುಬಂದ ಚಿಕ್ಕಬೈರಪ್ಪ ಇಂಜಿನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಇದು ನೆಗಡಿ ಗಾಡಿ ಅಲ್ವಾ?" ಎಂದ.

"ಹೂಂ."

"ಇದ್ರ ಕೂಗಿಗೇ ಅಲ್ವಾ ನಮ್ಮೂರು ಏಳ್ತಿದ್ದುದ್ದು? ನಮ್ಮಪ್ಪ ಇದು ಕೂಗಿದ್ಮ್ಯಾಕೇ ನೇಗ್ಲು ಹೆಗಲ್ ಮ್ಯಾಲ್ ಇಕ್ಕೋತಿದ್ದುದ್ದು. ಅದ್ಕೇನಾ ಮತ್ತೆ, ಹಬ್ಬ ಆದಾಗಿಂದ ಊರ್ಗೂರೇ ಹೊತ್ತೇರೋಗಂಟ ಮಲಗ್ತಾ ಇರೋದು! ನಾನು ವಯಸ್ಸಾಯ್ತು ಅಂದ್ಕೊಂಡಿದ್ದೆ."

ಅವನು ತಲೆಯ ರುಮಾಲು ತೆಗೆದ. ಅವನನ್ನು ನೋಡಿ ತಿಮ್ಮರಾಯಪ್ಪನೂ ತೆಗೆದ. ತಮಟೆಯವನು ಯಾರೂ ಹೇಳದೆಯೇ ದೇವರ ಬಡಿತ ಬಿಟ್ಟು, ಹಿರಿಯರನ್ನು ಕಳಿಸಿಕೊಡುವಾಗ ಬಡಿಯುವ ನಿಧಾನದ ಬಡಿತ ಹಿಡಿದ. ಮುನೇಶ್ವರನಿಗೆಂದು ತಂದಿದ್ದ ಹಾರ ಇಂಜಿನ್ನಿನ ಕೊರಳಿಗೆ ಬಿತ್ತು. ಚಿಕ್ಕಬೈರಪ್ಪ ಕಂಬಿಯ ಮೇಲೆ ಕಾಯಿ ಒಡೆದ. ನರಹರಿರಾಯರು ಏನೋ ಭಾಷಣ ಮಾಡಲು ಬಾಯಿ ತೆರೆದವರು ಕೊಡೆ ಮಡಚಿ ಪಕ್ಕಕ್ಕೆ ಸರಿದರು.

ಸಿಗ್ನಲ್ ಬಿತ್ತು. ಗೂಡ್ಸು ಒಮ್ಮೆ ಜಗ್ಗಿ ಹೊರಟಿತು. ನೆಗಡಿ ಇಂಜಿನ್ನು ಮಾತಿಲ್ಲದೆ ಅದರ ಹಿಂದೆ ಹೋಯಿತು. ಸಂಪಂಗಿರಾಮಯ್ಯ ಅದು ತಿರುವಿನಲ್ಲಿ ಮರೆಯಾಗುವ ತನಕ ನಿಂತು, ಆಮೇಲೆ ಕಂಬಿಯ ಪಕ್ಕದ ಜಲ್ಲಿಯ ಮೇಲೆ ಕುಸಿದು ಕೂತು, ಅಪ್ಪ ಸತ್ತಾಗ ಅಳಲು ಗೊತ್ತಾಗದಿದ್ದದ್ದನ್ನೂ ಸೇರಿಸಿಕೊಂಡು ಗೊಳೋ ಎಂದು ಅತ್ತ. ಹಿತ್ತಾಳೆ ಗುಂಡಿಯ ಕೋಟಿನ ತೋಳಿನಲ್ಲೇ ಮೂಗು ಒರೆಸಿಕೊಂಡ.

ತಿಮ್ಮರಾಯಪ್ಪನಿಗೆ ಇನ್ನೂ ಆಸೆ ಬಿಟ್ಟಿರಲಿಲ್ಲ. ಮೆಲ್ಲಗೆ ಚಿಕ್ಕಬೈರಪ್ಪನ ಹತ್ತಿರ ಬಂದು, "ಎಲ್ಲಾ ಸರಿ ಕಣಣ್ಣ. ಇವ್ರು ರೈಲ್ವೇನೋರೋ ಅಲ್ವೋ, ಅದು ಇತ್ಯರ್ಥ ಆಗ್ಲಿಲ್ವಲ್ಲ?" ಎಂದ.

ಚಿಕ್ಕಬೈರಪ್ಪ ಸುತ್ತ ನೋಡಿದ. ಹಳಿ ಬದಲಿಸುವ ಪಾಯಿಂಟ್ಸ್‌ಮನ್ನು ಕಂಬಕ್ಕೊರಗಿ ಬೀಡಿ ಹಚ್ಚುತ್ತಿದ್ದ. ಸಿದ್ದಲಿಂಗಯ್ಯ ಗೂಡ್ಸ್ ನಿಲ್ಲಿಸಿದ್ದಕ್ಕೆ ಮೇಲಿನವರಿಗೆ ಏನು ಕಾರಣ ಕೊಡುವುದೆಂದು ಉಗುರು ಕಚ್ಚುತ್ತಿದ್ದರು.

"ಅಲ್ಲ ಬುಡು," ಎಂದ ಚಿಕ್ಕಬೈರಪ್ಪ. "ರೈಲ್ವೇನೋರು ಅಗಾ, ಅಲ್ಲಿ ಅವ್ರೆ ನೋಡು. ಒಬ್ಬರ ಕಣ್ಣಾಗೂ ನೀರಿಲ್ಲ."

ಹೇಳಿ, ಹೆಗಲ ಮೇಲಿದ್ದ ಟವೆಲ್ಲನ್ನು ಸಂಪಂಗಿರಾಮಯ್ಯನ ಕೈಗೆ ಕೊಟ್ಟ.